ಆಟೋ ವಾರ್ಬರ್ಗ್: ಜೀವಕೋಶದ ಉಸಿರನ್ನು ಅಳೆದ ವಿಜ್ಞಾನಿ

ಹಾಲಿಗೆ ಹೆಪ್ಪು ಹಾಕಿಟ್ಟರೆ ಬೆಳಗಾಗುವುದರೊಳಗೆ ಮೊಸರಾಗುತ್ತದೆ. ಆ ಮೊಸರಿನ ಹುಳಿಗೆ ಕಾರಣವಾದುದು ಲ್ಯಾಕ್ಟಿಕ್ ಆಮ್ಲ. ಓಟದ ಪಂದ್ಯದಲ್ಲಿ ಓಡಿ ಏದುಸಿರು ಬಿಡುವವನ ಸ್ನಾಯುಗಳಲ್ಲಿಯೂ ಇದೇ ಆಮ್ಲವು ಸೇರುತ್ತದೆ. ಇವೆರಡೂ ನಮಗೆ ಪರಿಚಿತವಾದ ಸಂಗತಿಗಳೇ. ಆದರೆ ಕ್ಯಾನ್ಸರ್ ಎಂಬ ಭಯಂಕರ ರೋಗದ ಗಡ್ಡೆಯೊಳಗೂ ಇದೇ ಆಮ್ಲವು ಹಗಲಿರುಳೂ ಹುಟ್ಟುತ್ತಿರುತ್ತದೆ, ಅದೂ ಉಸಿರಾಟಕ್ಕೆ ಬೇಕಾದ ಆಮ್ಲಜನಕವು ಸಾಕಷ್ಟು ಇರುವಾಗಲೂ ಹುಟ್ಟುತ್ತಿರುತ್ತದೆ ಎಂಬುದು 1920ರ ದಶಕದವರೆಗೆ ಯಾರಿಗೂ ತಿಳಿದಿರಲಿಲ್ಲ. ಅದನ್ನು ಅಳೆದು ತೋರಿಸಿದವನು ಜರ್ಮನಿಯ ಆಟೋ ಹೈನ್ರಿಖ್ ವಾರ್ಬರ್ಗ್.

ಇಂದು ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ವೈದ್ಯರು ರೋಗಿಯ ಮೈಗೆ ಕತ್ತಿಯನ್ನು ಸೋಕಿಸದೆ, ವಿಕಿರಣವನ್ನು ಹಾಯಿಸದೆ, ಆ ಆಮ್ಲವು ಗಡ್ಡೆಯಲ್ಲಿ ಹುಟ್ಟುವುದನ್ನು ಕಣ್ಣೆದುರಿಗೆ ಚಿತ್ರವಾಗಿ ಕಾಣುವ ಪ್ರಯೋಗಗಳನ್ನು ನಡೆಸುತ್ತಿದ್ದಾರೆ. ಈ ಹೊಸ ವಿದ್ಯೆಯ ಬೇರು ವಾರ್ಬರ್ಗನ ಪ್ರಯೋಗಶಾಲೆಯಲ್ಲಿದೆ. ಆದುದರಿಂದ ಅವನ ಜೀವನವನ್ನು ತಿಳಿಯುವುದು ವಿಜ್ಞಾನದ ವಿದ್ಯಾರ್ಥಿಗಳಿಗೆ ಮಾತ್ರವಲ್ಲ, ಚರಿತ್ರೆಯನ್ನೂ ಮನುಷ್ಯ ಸ್ವಭಾವವನ್ನೂ ಅಭ್ಯಾಸ ಮಾಡುವ ನಮ್ಮೆಲ್ಲರಿಗೂ ಪ್ರಯೋಜನಕರವಾದುದು.

ವಾರ್ಬರ್ಗನು 1883ನೆಯ ಇಸವಿ ಅಕ್ಟೋಬರ್ 8ರಂದು ಜರ್ಮನಿಯ ನೈಋತ್ಯದಲ್ಲಿರುವ ಫ್ರೈಬುರ್ಗ್ ಪಟ್ಟಣದಲ್ಲಿ ಜನಿಸಿದನು. ತಂದೆ ಎಮಿಲ್ ವಾರ್ಬರ್ಗ್ ಹೆಸರಾಂತ ಭೌತಶಾಸ್ತ್ರಜ್ಞ. ಯೆಹೂದ್ಯರ ಪ್ರಸಿದ್ಧ ಮನೆತನವೊಂದರಲ್ಲಿ ಹುಟ್ಟಿ ಕ್ರೈಸ್ತಮತವನ್ನು ಸ್ವೀಕರಿಸಿದ್ದವನು. ತಾಯಿ ಎಲಿಸಬೆತ್ ಗೇರ್ಟ್ನರ್ ಪ್ರಾಟೆಸ್ಟೆಂಟ್ ಮನೆತನದವಳು. ತಂದೆ ಯೆಹೂದ್ಯ ವಂಶದವನು, ತಾಯಿ ಅಲ್ಲ ಎಂಬ ಈ ಚಿಕ್ಕ ಸಂಗತಿಯು ಐವತ್ತು ವರ್ಷಗಳ ತರುವಾಯ ಮಗನ ಪ್ರಾಣದ ಪ್ರಶ್ನೆಯಾಗಿ ಬಂದು ನಿಂತಿತು. ಅದನ್ನು ಮುಂದೆ ನೋಡೋಣ.

1895ರಲ್ಲಿ ತಂದೆಗೆ ಬರ್ಲಿನ್ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕ ಪದವಿ ದೊರೆಯಿತು. ಸಂಸಾರವು ಬರ್ಲಿನ್ನಿಗೆ ಬಂದಿತು. ಆ ಕಾಲದ ಬರ್ಲಿನ್ ವಿಜ್ಞಾನಿಗಳ ಕಾಶಿಯಾಗಿದ್ದಿತು. ರಸಾಯನಶಾಸ್ತ್ರದ ಎಮಿಲ್ ಫಿಷರ್, ವಾಲ್ಟರ್ ನೆರ್ನ್‌ಸ್ಟ್, ಮ್ಯಾಕ್ಸ್ ಪ್ಲಾಂಕ್ ಮೊದಲಾದವರು ಆ ಮನೆಗೆ ಬಳಕೆಯವರಾಗಿದ್ದರು. ಅಳತೆಯಲ್ಲಿ ಕೂದಲೆಳೆಯಷ್ಟು ತಪ್ಪನ್ನೂ ಸಹಿಸಬಾರದೆಂಬ ಗುಣವನ್ನು ಹುಡುಗನು ತಂದೆಯಿಂದ ಕಲಿತನು. ಅದು ಅವನ ಜೀವನದ ದೊಡ್ಡ ಆಸ್ತಿಯಾಯಿತು.

ಫಿಷರನ ಕೈಕೆಳಗೆ ರಸಾಯನಶಾಸ್ತ್ರವನ್ನು ವ್ಯಾಸಂಗ ಮಾಡಿ 1906ರಲ್ಲಿ ಡಾಕ್ಟರ್ ಪದವಿಯನ್ನು ಪಡೆದನು. ಅಷ್ಟಕ್ಕೆ ತೃಪ್ತನಾಗದೆ ಹೈಡೆಲ್‌ಬರ್ಗಿಗೆ ಹೋಗಿ ವೈದ್ಯಶಾಸ್ತ್ರವನ್ನೂ ಓದಿ 1911ರಲ್ಲಿ ಇನ್ನೊಂದು ಡಾಕ್ಟರ್ ಪದವಿಯನ್ನು ಗಳಿಸಿದನು. ತಂದೆಯಿಂದ ಭೌತಶಾಸ್ತ್ರ, ಗುರುವಿನಿಂದ ರಸಾಯನಶಾಸ್ತ್ರ, ಸ್ವಂತ ಆಸೆಯಿಂದ ವೈದ್ಯಶಾಸ್ತ್ರ. ಈ ಮೂರು ಹೊಳೆಗಳು ಒಬ್ಬನಲ್ಲಿಯೇ ಕೂಡಿದವು. ಕ್ಯಾನ್ಸರಿನ ಗುಟ್ಟನ್ನು ಬಿಡಿಸಬೇಕೆಂಬ ಹಂಬಲವು ಎಳೆಯ ವಯಸ್ಸಿನಿಂದಲೇ ಅವನ ಮನಸ್ಸಿನಲ್ಲಿ ಬೇರೂರಿದ್ದಿತು.

ವಿದ್ಯಾರ್ಥಿದೆಶೆಯಲ್ಲಿಯೇ ಅವನು ಇಟಲಿಯ ನೇಪಲ್ಸ್ ನಗರದ ಸಮುದ್ರಜೀವಿ ಪ್ರಯೋಗಾಲಯಕ್ಕೆ ಹೋಗುತ್ತಿದ್ದನು. ಅಲ್ಲಿ ಕಡಲ ಮುಳ್ಳುಚೆಂಡು ಎಂಬ ಪ್ರಾಣಿಯ ಮೊಟ್ಟೆಗಳು ಎಷ್ಟು ಆಮ್ಲಜನಕವನ್ನು ಸೇವಿಸುತ್ತವೆಂಬುದನ್ನು ಅಳೆದನು. ಗರ್ಭ ಕಟ್ಟಿದ ಮೊಟ್ಟೆಯು ಮೊದಲಿನದಕ್ಕಿಂತ ಸುಮಾರು 6 ಪಟ್ಟು ಹೆಚ್ಚು ಆಮ್ಲಜನಕವನ್ನು ಎಳೆದುಕೊಳ್ಳುವುದೆಂದು 1908ರಲ್ಲಿ ಪ್ರಕಟಿಸಿದನು. ಬೆಳೆಯಲು ಹೊರಟ ಜೀವಕೋಶದ ಉಸಿರು ಹೀಗೆ ಹೆಚ್ಚುವುದಾದರೆ, ಎಲ್ಲೆಯಿಲ್ಲದೆ ಬೆಳೆಯುವ ಕ್ಯಾನ್ಸರ್ ಕೋಶದ ಉಸಿರು ಹೇಗಿದ್ದೀತು? ಈ ಪ್ರಶ್ನೆಯೇ ಅವನನ್ನು ಜೀವಮಾನವೆಲ್ಲ ಓಡಾಡಿಸಿತು.

1914ರಲ್ಲಿ ಮೊದಲನೆಯ ಮಹಾಯುದ್ಧವು ಹೊತ್ತಿಕೊಂಡಿತು. ಬರ್ಲಿನ್ನಿನ ಡಾಲೆಮ್ ಬಡಾವಣೆಯಲ್ಲಿದ್ದ ಕೈಸರ್ ವಿಲ್ಹೆಲ್ಮ್ ಜೀವಶಾಸ್ತ್ರ ಸಂಸ್ಥೆಯಲ್ಲಿ ಅವನಿಗೆ ಆಗತಾನೆ ಸ್ಥಾನ ದೊರೆತಿದ್ದಿತು. ಅದನ್ನು ಬದಿಗಿಟ್ಟು ಅವನು ಕುದುರೆಯ ದಳಕ್ಕೆ ಸೇರಿ ರಣರಂಗಕ್ಕೆ ಹೋದನು, ಗಾಯಗೊಂಡನು, ಪರಾಕ್ರಮಕ್ಕಾಗಿ ಕಬ್ಬಿಣದ ಶಿಲುಬೆಯ ಬಿರುದನ್ನು ಪಡೆದನು. ಯುದ್ಧವು ಮುಗಿಯುತ್ತ ಬಂದ 1918ರಲ್ಲಿ ಮನೆಯವರು ಕಳವಳಗೊಂಡು ಆಲ್ಬರ್ಟ್ ಐನ್‌ಸ್ಟೈನನ ನೆರವನ್ನು ಬೇಡಿದರು. ರಣರಂಗದಲ್ಲಿ ನಿನ್ನ ಜಾಗವನ್ನು ಯಾವ ಸಾಮಾನ್ಯನಾದರೂ ತುಂಬಬಹುದು, ವಿಜ್ಞಾನದಲ್ಲಿ ತುಂಬುವವರಿಲ್ಲ ಎಂಬ ಅರ್ಥ ಬರುವಂತೆ ಐನ್‌ಸ್ಟೈನನು ಅವನಿಗೆ ಕಾಗದ ಬರೆದನು. ವಾರ್ಬರ್ಗನು ಹಿಂದಿರುಗಿದನು. ಸೈನ್ಯವು ಕಲಿಸಿದ ಶಿಸ್ತೂ ಪ್ರತಿದಿನ ಬೆಳಗ್ಗೆ ಕುದುರೆ ಸವಾರಿ ಮಾಡುವ ಅಭ್ಯಾಸವೂ ಮುಪ್ಪಿನವರೆಗೆ ಅವನನ್ನು ಬಿಡಲಿಲ್ಲ.

ಡಾಲೆಮ್ಮಿಗೆ ಮರಳಿದ ಮೇಲೆ ಅವನು ಮಾಡಿದ ಮೊದಲ ಕೆಲಸವೆಂದರೆ ಅಳತೆಯ ಸಾಧನವನ್ನು ಹರಿತಗೊಳಿಸಿಕೊಂಡದ್ದು. ಮ್ಯಾನೊಮೀಟರ್ ಎಂಬ ಆ ಉಪಕರಣದ ತತ್ತ್ವ ಬಹಳ ಸರಳವಾದುದು. ಒಂದು ಪುಟ್ಟ ಗಾಜಿನ ಬುಡ್ಡಿಯಲ್ಲಿ ದ್ರವವನ್ನು ಹಾಕಿ ಅದರಲ್ಲಿ ಜೀವಂತವಾದ ಅಂಗಾಂಶದ ತೆಳುವಾದ ಬಿಲ್ಲೆಯನ್ನು ತೇಲಿಬಿಡಬೇಕು. ಬುಡ್ಡಿಗೆ ಬಾಗಿದ ಗಾಜಿನ ಕೊಳವೆಯನ್ನು ಜೋಡಿಸಿ, ಬಿಸಿ ಏರದ ಇಳಿಯದ ನೀರಿನ ತೊಟ್ಟಿಯಲ್ಲಿಟ್ಟು ಅಲುಗಿಸುತ್ತಿರಬೇಕು. ಅಂಗಾಂಶವು ಬಿಡುವ ಇಂಗಾಲದ ಡೈಆಕ್ಸೈಡನ್ನು ಬುಡ್ಡಿಯೊಳಗಿನ ಕ್ಷಾರವು ಹೀರಿಕೊಳ್ಳುತ್ತದೆ. ಆಮ್ಲಜನಕವನ್ನು ಅಂಗಾಂಶವು ಸೇವಿಸುತ್ತದೆ. ಒಳಗಿನ ಒತ್ತಡವು ಕುಗ್ಗಿ ಕೊಳವೆಯ ದ್ರವವು ಸರಿಯುತ್ತದೆ. ಎಷ್ಟು ಸರಿಯಿತೋ ಅಷ್ಟು ಉಸಿರು. ಅಂಗಾಂಶವು ಆಮ್ಲವನ್ನು ಹೊರಬಿಡುವುದಾದರೆ ಅದನ್ನೂ ಹೀಗೆಯೇ ಅಳೆಯಬಹುದು. ದ್ರವದಲ್ಲಿ ಬೈಕಾರ್ಬನೇಟ್ ಇದ್ದರೆ ಆಮ್ಲವು ಅದರಿಂದ ಇಂಗಾಲದ ಡೈಆಕ್ಸೈಡನ್ನು ಹೊರಡಿಸಿ ಒತ್ತಡವನ್ನು ಏರಿಸುತ್ತದೆ. ಬಿಲ್ಲೆಯು ಅರ್ಧ ಮಿಲಿಮೀಟರಿಗಿಂತ ತೆಳುವಾಗಿರಬೇಕು. ಇಲ್ಲವಾದರೆ ಅದರ ನಡುಭಾಗದ ಕೋಶಗಳಿಗೆ ಆಮ್ಲಜನಕವು ಮುಟ್ಟದೆ ಅಳತೆಯೇ ಸುಳ್ಳಾಗುತ್ತದೆ. ಈ ಎಚ್ಚರವನ್ನು ಲೆಕ್ಕ ಹಾಕಿ ತೋರಿಸಿದವನೂ ಅವನೇ.

ಈ ಸಾಧನದಿಂದ ಅವನು 1923ರ ಸುಮಾರಿಗೆ ಇಲಿಯ ಗಡ್ಡೆಗಳನ್ನು ಪರೀಕ್ಷಿಸಲು ತೊಡಗಿದನು. ಕ್ಯಾನ್ಸರ್ ಕೋಶವು ಕಡಲ ಮುಳ್ಳುಚೆಂಡಿನ ಮೊಟ್ಟೆಯಂತೆ ಉಸಿರನ್ನು ಬಹಳವಾಗಿ ಎಳೆದುಕೊಳ್ಳುವುದೆಂದು ಅವನು ನಿರೀಕ್ಷಿಸಿದ್ದನು. ಹಾಗಾಗಲಿಲ್ಲ. ಅದರ ಉಸಿರು ಹೆಚ್ಚೇನೂ ಆಗಿರಲಿಲ್ಲ. ಅದಕ್ಕೆ ಬದಲಾಗಿ ಗಡ್ಡೆಯ ಬಿಲ್ಲೆಗಳು ದ್ರವದಲ್ಲಿದ್ದ ಗ್ಲೂಕೋಸನ್ನು ಮುರಿದು ಲ್ಯಾಕ್ಟಿಕ್ ಆಮ್ಲವನ್ನು ಧಾರಾಳವಾಗಿ ಹೊರಚೆಲ್ಲುತ್ತಿದ್ದವು.

ಇದರಲ್ಲಿ ಆಶ್ಚರ್ಯವೇನೆಂದು ಕೇಳಬಹುದು. ಜೀವಕೋಶವು ಸಕ್ಕರೆಯಿಂದ ಶಕ್ತಿಯನ್ನು ಪಡೆಯಲು ಎರಡು ದಾರಿಗಳಿವೆ. ಒಂದು ಉಸಿರಾಟದ ದಾರಿ. ಅದರಲ್ಲಿ ಆಮ್ಲಜನಕವು ಕೂಡಿ ಸಕ್ಕರೆಯು ಪೂರ್ತಿಯಾಗಿ ದಹಿಸುತ್ತದೆ. ಇನ್ನೊಂದು ಹುಳಿಯುವಿಕೆಯ ದಾರಿ. ಅದರಲ್ಲಿ ಸಕ್ಕರೆಯು ಅರ್ಧಕ್ಕೇ ಮುರಿದು ಲ್ಯಾಕ್ಟಿಕ್ ಆಮ್ಲವಾಗಿ ನಿಲ್ಲುತ್ತದೆ. ಕೋಶದ ಶಕ್ತಿನಾಣ್ಯವಾದ ಎ. ಟಿ. ಪಿ. ಎಂಬ ವಸ್ತುವಿನಲ್ಲಿ ಎಣಿಸಿದರೆ, ಒಂದು ಗ್ಲೂಕೋಸ್ ಅಣುವಿನಿಂದ ಮೊದಲನೆಯ ದಾರಿಯಲ್ಲಿ ಸುಮಾರು 30 ದೊರೆತರೆ ಎರಡನೆಯದರಲ್ಲಿ ಕೇವಲ 2 ದೊರೆಯುತ್ತವೆ. ಗಾಳಿಯಿರುವಾಗ ಹುದುಗಿನ ಜೀವಿಗಳು ಹುಳಿಯಿಸುವುದನ್ನು ಕಡಿಮೆ ಮಾಡಿ ಉಸಿರಾಡುವುವೆಂದು ಲೂಯಿ ಪಾಸ್ಚರನು ಬಹಳ ಹಿಂದೆಯೇ ತೋರಿಸಿದ್ದನು. ಕ್ಯಾನ್ಸರ್ ಕೋಶವು ಈ ನಿಯಮವನ್ನು ಮೀರಿದುದಾಗಿತ್ತು. ತುಂಬಿದ ಕಣಜದ ಮುಂದೆ ಕುಳಿತು ಹೊಟ್ಟನ್ನು ತಿನ್ನುವವನಂತೆ ಅದು ಆಮ್ಲಜನಕದ ನಡುವೆಯೇ ಸಕ್ಕರೆಯನ್ನು ಪೋಲುಮಾಡುತ್ತಿದ್ದಿತು. ಈ ಲಕ್ಷಣವನ್ನೇ ವಿಜ್ಞಾನಿಗಳು ವಾರ್ಬರ್ಗ್ ಪರಿಣಾಮ ಎಂದು ಕರೆಯುತ್ತಾರೆ.

ಬುಡ್ಡಿಯೊಳಗಿನ ಬಿಲ್ಲೆಯಲ್ಲಿ ಕಂಡದ್ದು ಜೀವಂತ ದೇಹದಲ್ಲಿಯೂ ನಿಜವೇ? ಅಮೆರಿಕದಲ್ಲಿ ಕಾರ್ಲ್ ಕೋರಿ ಮತ್ತು ಗರ್ಟಿ ಕೋರಿ ದಂಪತಿಗಳು ಒಂದು ರೆಕ್ಕೆಯಲ್ಲಿ ಮಾತ್ರ ಗಡ್ಡೆಯಿದ್ದ ಕೋಳಿಯ ಎರಡು ರೆಕ್ಕೆಗಳ ರಕ್ತವನ್ನೂ ಪರೀಕ್ಷಿಸಿ 1925ರಲ್ಲಿ ಹೌದೆಂದರು. ವಾರ್ಬರ್ಗನೂ ಅವನ ಸಹಾಯಕರೂ ಇಲಿಯ ಗಡ್ಡೆಗೆ ಹೋಗುವ ರಕ್ತವನ್ನೂ ಅಲ್ಲಿಂದ ಹೊರಡುವ ರಕ್ತವನ್ನೂ ಹೋಲಿಸಿ 1927ರಲ್ಲಿ ಅದನ್ನೇ ದೃಢಪಡಿಸಿದರು: ಒಳಹೊಕ್ಕ ಸಕ್ಕರೆ ಕಡಿಮೆಯಾಗಿ ಆಮ್ಲವು ಹೆಚ್ಚಾಗಿ ಹೊರಬರುತ್ತಿದ್ದಿತು. ಆದರೆ ಇದನ್ನು ಕಾಣಲು ರಕ್ತನಾಳವನ್ನು ಬಿಚ್ಚಿ ನೋಡಬೇಕಾಗಿದ್ದಿತು. ಮನುಷ್ಯನ ಮೆದುಳಿನಲ್ಲಿಯೋ ಹೃದಯದಲ್ಲಿಯೋ ಹಾಗೆ ನೋಡುವುದು ಸಾಧ್ಯವಾದ ಮಾತಲ್ಲ. ಈ ತೊಡಕು ಮುಂದೆ ಎಂಬತ್ತು ವರ್ಷಗಳವರೆಗೆ ಹಾಗೆಯೇ ಉಳಿಯಿತು.

ಇಷ್ಟರಲ್ಲಿ ವಾರ್ಬರ್ಗನು ಉಸಿರಾಟದ ಮೂಲಕ್ಕೇ ಕೈಹಾಕಿದ್ದನು. ಕೋಶದೊಳಗೆ ಆಮ್ಲಜನಕವನ್ನು ಹಿಡಿದು ಕೆಲಸಕ್ಕೆ ಹಚ್ಚುವ ಕಿಣ್ವ ಯಾವುದು? ಅದು ಎಷ್ಟು ಅಲ್ಪ ಪ್ರಮಾಣದಲ್ಲಿದ್ದಿತೆಂದರೆ ಅದನ್ನು ಬೇರ್ಪಡಿಸಿ ತೆಗೆಯುವುದು ಆಗ ಅಸಾಧ್ಯವಾಗಿದ್ದಿತು. ಅವನು ಬೇರೊಂದು ಉಪಾಯ ಹೂಡಿದನು. ಇಂಗಾಲದ ಮಾನಾಕ್ಸೈಡ್ ಎಂಬ ವಿಷದ ಅನಿಲವು ಹುದುಗಿನ ಜೀವಿಗಳ ಉಸಿರನ್ನು ಕತ್ತಲೆಯಲ್ಲಿ ಕಟ್ಟುತ್ತದೆ. ಬೆಳಕು ಬಿದ್ದೊಡನೆ ಉಸಿರು ಮತ್ತೆ ಬಿಡುತ್ತದೆ. ಯಾವ ಯಾವ ಬಣ್ಣದ ಬೆಳಕಿಗೆ ಎಷ್ಟೆಷ್ಟು ಬಿಡುತ್ತದೆಂದು ಒಂದೊಂದಾಗಿ ಅಳೆದು ಬರೆದಿಟ್ಟಾಗ, ಅದು ರಕ್ತದ ಕೆಂಪಿಗೆ ಕಾರಣವಾದ ಕಬ್ಬಿಣಯುಕ್ತ ಹೀಮ್ ಎಂಬ ವಸ್ತುವಿನ ಜಾತಿಗೆ ಸೇರಿದ್ದೆಂದು ಗೊತ್ತಾಯಿತು. ಕೈಗೆ ಸಿಕ್ಕದ ವಸ್ತುವಿನ ಸ್ವರೂಪವನ್ನು ಬೆಳಕಿನ ಮೂಲಕವೇ ಅರಿತ ಈ ಕಾರ್ಯಕ್ಕಾಗಿ 1931ರಲ್ಲಿ ಅವನೊಬ್ಬನಿಗೇ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕವು ಬಂದಿತು.

ಅದೇ ಕಾಲದಲ್ಲಿ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ಹಣದಿಂದ ಡಾಲೆಮ್ಮಿನಲ್ಲಿ ಅವನಿಗಾಗಿಯೇ ಕೋಶಕ್ರಿಯಾಶಾಸ್ತ್ರದ ಸಂಸ್ಥೆಯೊಂದು ಎದ್ದಿತು. ಅವನ ಸಂಸ್ಥೆಯ ರೀತಿ ವಿಚಿತ್ರವಾದುದು. ಪದವೀಧರರ ದೊಡ್ಡ ಪರಿವಾರವನ್ನು ಅವನು ಬಯಸುತ್ತಿರಲಿಲ್ಲ. ಕಾರ್ಖಾನೆಗಳಲ್ಲಿ ಉಪಕರಣದ ಕೆಲಸ ಕಲಿತ ಕುಶಲಿಗಳನ್ನು ಆರಿಸಿಕೊಂಡು ತಾನೇ ತರಬೇತು ಕೊಡುತ್ತಿದ್ದನು. ನೇಗೆಲೈನ್, ಕುಬೊವಿಟ್ಸ್, ಕ್ರಿಶ್ಚಿಯನ್ ಎಂಬ ಅಂಥ ಸಹಾಯಕರ ಹೆಸರುಗಳು ಅವನ ಹೆಸರಿನ ಜೊತೆಗೆ ವಿಜ್ಞಾನದ ಗ್ರಂಥಗಳಲ್ಲಿ ಉಳಿದಿವೆ. ಹೊರಗಿನಿಂದ ಬಂದು ಅವನ ಬಳಿ ದುಡಿದವರಲ್ಲಿ ಹಾನ್ಸ್ ಕ್ರೆಬ್ಸನು 1953ರಲ್ಲಿಯೂ ಹ್ಯೂಗೋ ಥಿಯೊರೆಲನು 1955ರಲ್ಲಿಯೂ ನೊಬೆಲ್ ಪಾರಿತೋಷಕವನ್ನು ಪಡೆದರು.

ಪಾರಿತೋಷಕವು ಬಂದ ಮೇಲೆ ವಿಶ್ರಮಿಸುವವರೇ ಹೆಚ್ಚು. ವಾರ್ಬರ್ಗನ ಅತ್ಯಂತ ಫಲವತ್ತಾದ ಕೆಲವು ವರ್ಷಗಳು ಅನಂತರ ಬಂದವು. ಕೋಶದೊಳಗೆ ಜಲಜನಕವನ್ನು ಒಂದು ಕಿಣ್ವದಿಂದ ಇನ್ನೊಂದಕ್ಕೆ ಒಯ್ಯುವ ಸಹಕಿಣ್ವದಲ್ಲಿ ನಿಕೊಟಿನಮೈಡ್ ಎಂಬ ವಸ್ತುವಿದೆಯೆಂದು ಅವನು 1930ರ ದಶಕದ ನಡುವಿನಲ್ಲಿ ತೋರಿಸಿದನು. ಅದು ಬಿ ಗುಂಪಿನ ಒಂದು ಜೀವಸತ್ತ್ವ. ಜಲಜನಕವನ್ನು ಹೊತ್ತಿರುವಾಗ ಈ ಸಹಕಿಣ್ವವು ಕಣ್ಣಿಗೆ ಕಾಣದ ನೇರಿಳೆಯಾಚೆಯ ಬೆಳಕನ್ನು ಹೀರುತ್ತದೆ, ಹೊರೆಯನ್ನು ಇಳಿಸಿದೊಡನೆ ಹೀರುವುದಿಲ್ಲ ಎಂಬುದನ್ನು ಕಂಡು, ಅದರಿಂದಲೇ ಕಿಣ್ವಗಳ ವೇಗವನ್ನು ಅಳೆಯುವ ಕ್ರಮವನ್ನು ರೂಪಿಸಿದನು. ಇಂದಿಗೂ ರಕ್ತಪರೀಕ್ಷೆಯ ಪ್ರಯೋಗಶಾಲೆಗಳಲ್ಲಿ ಅನೇಕ ಪರೀಕ್ಷೆಗಳು ನಡೆಯುವುದು ಈ ತತ್ತ್ವದ ಮೇಲೆಯೇ. ಇದೇ ಸಹಕಿಣ್ವವು ಜಲಜನಕವನ್ನು ಒಪ್ಪಿಸಿದಾಗ ಪೈರುವಿಕ್ ಆಮ್ಲವು ಲ್ಯಾಕ್ಟಿಕ್ ಆಮ್ಲವಾಗುತ್ತದೆ. ವಾಚಕರು ಈ ಒಂದು ಕ್ರಿಯೆಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು; ಮುಂದಿನ ಕಥೆಯೆಲ್ಲ ಇದನ್ನೇ ಆಧರಿಸಿದೆ.

1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. ಯೆಹೂದ್ಯ ವಿದ್ವಾಂಸರನ್ನು ವಿಶ್ವವಿದ್ಯಾನಿಲಯಗಳಿಂದ ಹೊರದೂಡಲಾಯಿತು. ಕ್ರೆಬ್ಸನು ಕೆಲಸ ಕಳೆದುಕೊಂಡು ಇಂಗ್ಲೆಂಡಿಗೆ ಹೋದನು. ಐನ್‌ಸ್ಟೈನನು ಅಮೆರಿಕಕ್ಕೆ ಹೋದನು. ವಾರ್ಬರ್ಗನು ಹೋಗಲಿಲ್ಲ. ತಂದೆಯ ಕಡೆಯಿಂದ ಅವನು ಆ ಸರ್ಕಾರದ ಲೆಕ್ಕದಲ್ಲಿ ಅರೆ ಯೆಹೂದ್ಯನು. ತಾಯಿಯ ಕಡೆಯ ವಂಶವು ಅವನನ್ನು ಕೂದಲೆಳೆಯಷ್ಟರಲ್ಲಿ ಉಳಿಸಿದ್ದಿತು. 1941ರಲ್ಲಿ ಅವನನ್ನೂ ಸ್ಥಾನದಿಂದ ತೆಗೆದುಹಾಕಿದರು. ಕೆಲವು ವಾರಗಳಲ್ಲಿಯೇ, ಕ್ಯಾನ್ಸರಿನ ಸಂಶೋಧನೆಯನ್ನು ಮುಂದುವರಿಸಬೇಕೆಂಬ ಕಟ್ಟಿನ ಮೇಲೆ, ಹಿಟ್ಲರನ ಕಚೇರಿಯಿಂದಲೇ ಬಂದ ಅಪ್ಪಣೆಯಂತೆ ಅವನಿಗೆ ಸಂಸ್ಥೆಯು ಮರಳಿ ದೊರೆಯಿತು. ತಾಯಿಯನ್ನು ಸ್ತನದ ಕ್ಯಾನ್ಸರಿನಿಂದ ಕಳೆದುಕೊಂಡಿದ್ದ ಹಿಟ್ಲರನಿಗೆ ಆ ರೋಗದ ಭಯವು ವಿಪರೀತವಾಗಿದ್ದುದೇ ಇದಕ್ಕೆ ಕಾರಣವೆಂದು ಹೇಳುವುದುಂಟು. ಅದು ಹೇಗೆಯೇ ಇರಲಿ, ಲಕ್ಷಾಂತರ ಜನರು ವಂಶದ ಕಾರಣದಿಂದ ಸಾವಿಗೆ ಈಡಾದ ನಾಡಿನಲ್ಲಿ ಒಬ್ಬನು ತನ್ನ ಮ್ಯಾನೊಮೀಟರಿನ ಬಲದಿಂದ ಬದುಕುಳಿದನು.

ಅವನು ನಾಡನ್ನು ಏಕೆ ಬಿಡಲಿಲ್ಲ? ಬೇರೆಡೆ ಇಂಥ ಸಂಸ್ಥೆಯನ್ನು ಮತ್ತೆ ಕಟ್ಟಲಾರೆನೆಂಬ ಅಂಜಿಕೆಯಿದ್ದಿತು; ತನ್ನದನ್ನು ಯಾರೂ ಮುಟ್ಟಲಾರರೆಂಬ ಹಮ್ಮೂ ಇದ್ದಿತು. ಅನ್ಯಾಯದ ಪ್ರಭುತ್ವವು ಕೊಟ್ಟ ಆಸರೆಯಲ್ಲಿ ಕುಳಿತು ಕೆಲಸ ಮಾಡಿದ್ದಕ್ಕಾಗಿ, ದೇಶ ಬಿಟ್ಟು ಹೋದ ಅವನ ಸಹೋದ್ಯೋಗಿಗಳಲ್ಲಿ ಕೆಲವರು ಅವನನ್ನು ಕ್ಷಮಿಸಲಿಲ್ಲ. ಅವನು ಆ ಪ್ರಭುತ್ವದ ಭಕ್ತನಾಗಿರಲಿಲ್ಲ, ಅದನ್ನು ಎದುರಿಸಿದ ವೀರನೂ ಆಗಿರಲಿಲ್ಲ. ಪ್ರಯೋಗಶಾಲೆಯ ಬಾಗಿಲನ್ನು ಮುಚ್ಚಿಕೊಂಡರೆ ಲೋಕವು ಹೊರಗೇ ಉಳಿಯುವುದೆಂದು ನಂಬಿದ ಮನುಷ್ಯ. ಲೋಕವು ಹೊರಗುಳಿಯಲಿಲ್ಲ. ಬಾಂಬುಗಳ ಮಳೆಗೆ ಹೆದರಿ 1943ರಲ್ಲಿ ಸಂಸ್ಥೆಯನ್ನು ಬರ್ಲಿನ್ನಿನ ಉತ್ತರಕ್ಕಿರುವ ಲೀಬೆನ್‌ಬರ್ಗ್ ಎಂಬ ಹಳ್ಳಿಯ ಬಂಗಲೆಗೆ ಸಾಗಿಸಬೇಕಾಯಿತು. 1945ರಲ್ಲಿ ರಷ್ಯದ ಸೈನ್ಯವು ಬಂದು ಉಪಕರಣಗಳನ್ನೆಲ್ಲ ಹೊತ್ತುಕೊಂಡು ಹೋಯಿತು. ಅರುವತ್ತು ದಾಟಿದ ವಾರ್ಬರ್ಗನು ಐದು ವರ್ಷ ಪ್ರಯೋಗಶಾಲೆಯಿಲ್ಲದೆ ಕಳೆದು, 1950ರಲ್ಲಿ ಡಾಲೆಮ್ಮಿನ ಹಳೆಯ ಕಟ್ಟಡದಲ್ಲಿ ಮತ್ತೆ ಮೊದಲಿನಿಂದ ಆರಂಭಿಸಿದನು.

ಮುಪ್ಪಿನಲ್ಲಿ ಅವನ ಹಟವು ಗಟ್ಟಿಯಾಗುತ್ತ ಹೋಯಿತು. ಗಿಡಗಳು ಒಂದು ಆಮ್ಲಜನಕದ ಅಣುವನ್ನು ಬಿಡುಗಡೆ ಮಾಡಲು ಬೆಳಕಿನ ಎಷ್ಟು ಕಣಗಳು ಬೇಕೆಂಬ ಪ್ರಶ್ನೆಯಲ್ಲಿ 4 ಸಾಕೆಂದು ಅವನು ಸಾಧಿಸಿದನು. ಅವನ ಶಿಷ್ಯನೇ ಆದ ರಾಬರ್ಟ್ ಎಮರ್ಸನನು 8ಕ್ಕೆ ಕಡಿಮೆ ಸಾಲದೆಂದು ಅಳೆದು ತೋರಿಸಿದನು. ಶಿಷ್ಯನ ಮಾತೇ ನಿಜವಾಯಿತು. ಗುರು ಕೊನೆಯವರೆಗೂ ಒಪ್ಪಲಿಲ್ಲ. ಕ್ಯಾನ್ಸರಿನ ವಿಷಯದಲ್ಲಿಯೂ ಹಾಗೆಯೇ. ಕೋಶದ ಉಸಿರಾಟವು ಸರಿಪಡಿಸಲಾಗದಂತೆ ಕೆಡುವುದೇ ಕ್ಯಾನ್ಸರಿನ ಮೂಲಕಾರಣ, ಉಳಿದ ಕಾರಣಗಳೆಲ್ಲ ಅದರ ಹಿಂದೆ ಬರುವಂಥವು ಎಂದು 1956ರಲ್ಲಿ ಸಾರಿದನು. 1966ರಲ್ಲಿ ಲಿಂಡಾವಿನಲ್ಲಿ ನೊಬೆಲ್ ವಿಜ್ಞಾನಿಗಳ ಸಭೆಯಲ್ಲಿ ಮತ್ತೆ ಸಾರಿದನು. ಕ್ಯಾನ್ಸರ್ ಕೋಶಗಳಲ್ಲಿ ಬಹುಪಾಲು ಉಸಿರಾಡಲು ಸಮರ್ಥವಾಗಿಯೇ ಇವೆಯೆಂದು ಸಿಡ್ನಿ ವೈನ್‌ಹೌಸ್ ಮೊದಲಾದವರು ತೋರಿಸಿದ ಪ್ರಮಾಣಗಳು ಅವನನ್ನು ಅಲುಗಿಸಲಿಲ್ಲ.

ಅವನು ಮದುವೆಯಾಗಲಿಲ್ಲ. ಯಾಕೋಬ್ ಹೈಸ್ ಎಂಬ ಸಂಗಾತಿಯು ಮನೆಯ ಆಡಳಿತವನ್ನೂ ಸಂಸ್ಥೆಯ ಆಡಳಿತವನ್ನೂ ನೋಡಿಕೊಳ್ಳುತ್ತಿದ್ದನು. ಕ್ಯಾನ್ಸರಿನ ಭಯದಿಂದ ಅವನು ಆಹಾರದಲ್ಲಿ ಬಹಳ ಕಟ್ಟುನಿಟ್ಟಾಗಿದ್ದು, ಆದಷ್ಟು ಮಟ್ಟಿಗೆ ತನ್ನ ತೋಟದಲ್ಲಿ ಬೆಳೆದುದನ್ನೇ ಉಣ್ಣುತ್ತಿದ್ದನು. ಕೊನೆಗೆ ಅವನಿಗೆ ಕ್ಯಾನ್ಸರು ಬರಲಿಲ್ಲ. ಏಣಿಯಿಂದ ಬಿದ್ದು ತೊಡೆಯ ಮೂಳೆ ಮುರಿದು, ಅದರಿಂದ ಹುಟ್ಟಿದ ತೊಂದರೆಗಳ ಕಾರಣ 1970ನೆಯ ಇಸವಿ ಆಗಸ್ಟ್ 1ರಂದು ಬರ್ಲಿನ್ನಿನಲ್ಲಿ ತೀರಿಕೊಂಡನು. ಆಗ ಅವನಿಗೆ 86 ವರ್ಷ. ಸಾಯುವವರೆಗೂ ಅವನು ಸಂಸ್ಥೆಯ ಮುಖ್ಯಸ್ಥನಾಗಿಯೇ ಇದ್ದನು.

ಅವನು ಸತ್ತಾಗ ಅವನ ಕ್ಯಾನ್ಸರ್ ಸಿದ್ಧಾಂತವೂ ಸತ್ತಿತೆಂದೇ ಹೆಚ್ಚು ಜನ ಎಣಿಸಿದ್ದರು. ಅನಂತರದ ದಶಕಗಳಲ್ಲಿ ಕ್ಯಾನ್ಸರು ಜೀನುಗಳ ಕೆಡುಕಿನಿಂದ ಹುಟ್ಟುವುದೆಂಬುದು ಸ್ಪಷ್ಟವಾಯಿತು; ಸಕ್ಕರೆಯ ಈ ಹುಳಿಯುವಿಕೆಯು ಬಹುಮಟ್ಟಿಗೆ ಆ ಕೆಡುಕಿನ ಫಲವೆಂದೂ ತಿಳಿಯಿತು. ಗಡ್ಡೆಯು ಸಕ್ಕರೆಯನ್ನು ಸುಮ್ಮನೆ ಪೋಲುಮಾಡುವುದಿಲ್ಲ. ಹೊಸ ಕೋಶಗಳನ್ನು ಕಟ್ಟಲು ಬೇಕಾದ ಸಾಮಗ್ರಿಯನ್ನು ಅದು ಈ ದಾರಿಯಲ್ಲಿ ಒದಗಿಸಿಕೊಳ್ಳುತ್ತದೆಂದು ಇಂದಿನವರು ವಿವರಿಸುತ್ತಾರೆ. ಆದರೆ ಅಳತೆ? ಅದು ಹಾಗೆಯೇ ನಿಂತಿತು. 1976ರಲ್ಲಿ ಅಮೆರಿಕದಲ್ಲಿ ವಿಕಿರಣ ಸೂಸುವ ಫ್ಲೋರಿನನ್ನು ಜೋಡಿಸಿದ ಗ್ಲೂಕೋಸನ್ನು ಮೊದಲ ಬಾರಿಗೆ ಮನುಷ್ಯರಿಗೆ ಕೊಟ್ಟರು. ಹಸಿದ ಗಡ್ಡೆಯು ಅದನ್ನು ಸೆಳೆದುಕೊಂಡು ಚಿತ್ರದಲ್ಲಿ ಹೊಳೆಯುತ್ತದೆ. ಪೆಟ್ ಸ್ಕ್ಯಾನ್ ಎಂದು ನಮ್ಮ ನಗರಗಳಲ್ಲಿಯೂ ಹೆಸರಾಗಿರುವ ಪರೀಕ್ಷೆಯು ಇದೇ. ಆದರೆ ಅದು ಸಕ್ಕರೆಯು ಎಲ್ಲಿಗೆ ಹೋಯಿತೆಂದು ಹೇಳುತ್ತದೆಯೇ ಹೊರತು, ಹೋದ ಮೇಲೆ ಏನಾಯಿತೆಂದು ಹೇಳಲಾರದು. ವಾರ್ಬರ್ಗನು ಅಳೆದದ್ದು ಏನಾಯಿತು ಎಂಬುದನ್ನು.

ಅದಕ್ಕೆ ಬೇಕಾದ ದಾರಿಯು ಭೌತಶಾಸ್ತ್ರದಿಂದ ಬಂದಿತು. ಇಂಗಾಲದಲ್ಲಿ 13 ತೂಕದ ಒಂದು ಬಗೆಯಿದೆ; ನಿಸರ್ಗದ ಇಂಗಾಲದಲ್ಲಿ ಅದು ನೂರಕ್ಕೆ ಒಂದರಷ್ಟು. ಅದು ವಿಕಿರಣವನ್ನು ಸೂಸುವುದಿಲ್ಲ. ಅದರ ಪರಮಾಣು ಬೀಜವು ಪುಟ್ಟ ಅಯಸ್ಕಾಂತದಂತೆ ವರ್ತಿಸುವುದರಿಂದ ಎಂ. ಆರ್. ಐ. ಯಂತ್ರವು ಅದನ್ನು ಗುರುತಿಸಬಲ್ಲುದು. ಕಷ್ಟವೇನೆಂದರೆ, ಯಂತ್ರದ ಬಲವಾದ ಕಾಂತಕ್ಷೇತ್ರದಲ್ಲಿಯೂ ಈ ಬೀಜಗಳು ಜಾತ್ರೆಯ ಜನರಂತೆ ಅತ್ತ ಕೆಲವು ಇತ್ತ ಕೆಲವು ಮುಖಮಾಡಿರುತ್ತವೆ. ಒಂದು ದಿಕ್ಕಿಗೆ ತಿರುಗಿದವು ಇನ್ನೊಂದು ದಿಕ್ಕಿನವಕ್ಕಿಂತ ಹತ್ತು ಲಕ್ಷದಲ್ಲಿ ಎರಡು ಮೂರು ಮಾತ್ರ ಹೆಚ್ಚು. ಯಂತ್ರಕ್ಕೆ ಕೇಳಿಸುವುದು ಆ ಎರಡು ಮೂರರ ದನಿ ಮಾತ್ರ. ಉಳಿದವು ಒಂದನ್ನೊಂದು ಅಳಿಸಿಹಾಕುತ್ತವೆ. ತೇರು ಬಂದಾಗ ಜನರೆಲ್ಲ ಒಂದೇ ಕಡೆ ತಿರುಗುವಂತೆ ಈ ಬೀಜಗಳನ್ನು ತಿರುಗಿಸಬೇಕು. ಅದಕ್ಕೇ ಅತಿಧ್ರುವೀಕರಣವೆಂದು ಹೆಸರು.

ಎಲೆಕ್ಟ್ರಾನುಗಳು ಬೀಜಗಳಿಗಿಂತ ಬಹುಪಾಲು ಬಲವಾದ ಅಯಸ್ಕಾಂತಗಳು. ಅವುಗಳ ಒಮ್ಮುಖತೆಯನ್ನು ಬೀಜಗಳಿಗೆ ವರ್ಗಾಯಿಸಬಹುದೆಂದು ಆಲ್ಬರ್ಟ್ ಓವರ್‌ಹೌಸರನು 1953ರಲ್ಲಿ ಲೆಕ್ಕದಿಂದ ಸೂಚಿಸಿದನು. ಕಾರ್ವರ್ ಮತ್ತು ಸ್ಲಿಕ್ಟರ್ ಎಂಬವರು ಅದೇ ವರ್ಷ ಲೋಹವೊಂದರಲ್ಲಿ ಅದನ್ನು ಪ್ರಯೋಗದಿಂದ ಸಿದ್ಧಮಾಡಿದರು. ಆದರೆ ಅದನ್ನು ಜೀವಂತ ದೇಹಕ್ಕೆ ತರಲು ಐವತ್ತು ವರ್ಷಗಳು ಹಿಡಿದವು. 2003ರಲ್ಲಿ ಸ್ವೀಡನ್ನಿನ ಮಾಲ್ಮೋ ನಗರದಲ್ಲಿ ಆರ್ಡೆನ್‌ಕ್ಯಾರ್-ಲಾರ್ಸೆನ್, ಗೋಲ್ಮನ್ ಮತ್ತು ಅವರ ಸಂಗಡಿಗರು ಒಂದು ಉಪಾಯವನ್ನು ಪ್ರಕಟಿಸಿದರು. ವಸ್ತುವನ್ನು ಸೊನ್ನೆಗಿಂತ ಸುಮಾರು 272 ಡಿಗ್ರಿ ಸೆಂಟಿಗ್ರೇಡ್ ಕೆಳಗೆ ತಣಿಸಿ ಘನವಾಗಿಸುವುದು; ಬಲವಾದ ಕಾಂತಕ್ಷೇತ್ರದಲ್ಲಿಟ್ಟು ಸೂಕ್ಷ್ಮತರಂಗಗಳನ್ನು ಹಾಯಿಸಿ ಎಲೆಕ್ಟ್ರಾನುಗಳ ಒಮ್ಮುಖತೆಯನ್ನು ಇಂಗಾಲಕ್ಕೆ ಸಾಗಿಸುವುದು; ಅನಂತರ ಬಿಸಿ ದ್ರವವನ್ನು ಸುರಿದು ಕ್ಷಣಮಾತ್ರದಲ್ಲಿ ಕರಗಿಸಿಬಿಡುವುದು. ಹೀಗೆ ಮಾಡಿದಾಗ ಸಂಜ್ಞೆಯು 10,000 ಪಟ್ಟಿಗಿಂತಲೂ ಹೆಚ್ಚು ಬಲಗೊಂಡಿತು.

ದೇಹಕ್ಕೆ ಯಾವ ವಸ್ತುವನ್ನು ಕೊಡಬೇಕು? ಇಲ್ಲಿ ವಾರ್ಬರ್ಗನು ಮತ್ತೆ ಕಾಣಿಸಿಕೊಳ್ಳುತ್ತಾನೆ. ಆರಿಸಿದ್ದು ಪೈರುವಿಕ್ ಆಮ್ಲದ ಲವಣವನ್ನು. ಅದು ಉಸಿರಾಟದ ದಾರಿಗೂ ಹುಳಿಯುವಿಕೆಯ ದಾರಿಗೂ ನಡುವಣ ಕವಲಿನಲ್ಲಿ ನಿಂತಿದೆ. ರಕ್ತಕ್ಕೆ ಸೇರಿದ ಪೈರುವೇಟು ಕೋಶವನ್ನು ಹೊಕ್ಕು, ವಾರ್ಬರ್ಗನು ಬಿಡಿಸಿದ ಸಹಕಿಣ್ವದ ನೆರವಿನಿಂದ ಲ್ಯಾಕ್ಟೇಟಾದರೆ ಅದರ ಸಂಜ್ಞೆ ಬೇರೆ. ಉಸಿರಾಟಕ್ಕೆ ಹೋಗಿ ಬೈಕಾರ್ಬನೇಟಾದರೆ ಅದರ ಸಂಜ್ಞೆ ಬೇರೆ. ಯಂತ್ರವು ಇವನ್ನು ಒಂದರಿಂದೊಂದು ಬಿಡಿಸಿ ಓದುತ್ತದೆ. 2007ರಲ್ಲಿ ಕೇಂಬ್ರಿಜ್ಜಿನ ಕೆವಿನ್ ಬ್ರಿಂಡಲ್ಲನ ತಂಡವು ಗಡ್ಡೆಯಿದ್ದ ಇಲಿಗಳಿಗೆ ಔಷಧ ಕೊಟ್ಟು ಹೀಗೆ ನೋಡಿದಾಗ, ಲ್ಯಾಕ್ಟೇಟಿನ ಸಂಜ್ಞೆಯು ಸುಮಾರು ಒಂದು ದಿನದೊಳಗೇ ಕುಗ್ಗಿದ್ದು ಕಂಡಿತು. 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಿಜ್ಞಾನಿಗಳು ಪ್ರಾಸ್ಟೇಟ್ ಕ್ಯಾನ್ಸರಿನ 31 ರೋಗಿಗಳಲ್ಲಿ ನಡೆಸಿದ ಮೊದಲ ಮಾನವ ಪ್ರಯೋಗದ ಫಲವನ್ನು ಪ್ರಕಟಿಸಿದರು. ಕ್ಯಾನ್ಸರಿದ್ದ ಜಾಗಗಳಲ್ಲಿ ಲ್ಯಾಕ್ಟೇಟಿನ ಪಾಲು ಹೆಚ್ಚಾಗಿ ತೋರಿತು. 2016ರಲ್ಲಿ ಟೊರಾಂಟೋದಲ್ಲಿ ಮನುಷ್ಯನ ಹೃದಯವು ಪೈರುವೇಟನ್ನು ಬಳಸುವ ಚಿತ್ರವು ದೊರೆಯಿತು. ಮೆದುಳು ಮತ್ತು ಸ್ತನದ ಗಡ್ಡೆಗಳಲ್ಲಿಯೂ ಪ್ರಯೋಗಗಳು ನಡೆದಿವೆ.

ಇದರ ಬೆಲೆಯನ್ನು ರೋಗಿಯ ಕಡೆಯಿಂದ ಎಣಿಸಿ ನೋಡಬೇಕು. ಕ್ಯಾನ್ಸರಿನ ಔಷಧಗಳು ಉಗ್ರವಾದುವು. ಅವು ಫಲಿಸುತ್ತಿವೆಯೋ ಇಲ್ಲವೋ ಎಂದು ತಿಳಿಯಲು ಗಡ್ಡೆಯು ಕುಗ್ಗುವುದನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಫಲಿಸದ ಔಷಧವನ್ನು ಅಷ್ಟು ದಿನ ತಾಳಿಕೊಂಡವನಿಗೆ ಕಳೆದ ಕಾಲವು ಹಿಂದಿರುಗದು. ಗಾತ್ರವು ಬದಲಾಗುವ ಮೊದಲೇ ಕೋಶದ ಬಾಳುವೆ ಬದಲಾಯಿತೇ ಎಂದು ನೋಡಲು ಸಾಧ್ಯವಾದರೆ ಅದೊಂದು ದೊಡ್ಡ ಉಪಕಾರ. ಆದರೆ ತೊಡಕುಗಳೂ ಸಣ್ಣವಲ್ಲ. ಇಂಗಾಲದ ಬೀಜಗಳ ಒಮ್ಮುಖತೆಯು ನಿಮಿಷದ ಲೆಕ್ಕದಲ್ಲಿ ಕರಗಿಹೋಗುತ್ತದೆ. ಔಷಧವನ್ನು ತಯಾರಿಸುವ ಯಂತ್ರವು ರೋಗಿಯ ಪಕ್ಕದಲ್ಲಿಯೇ ಇರಬೇಕು. ಕರಗಿಸಿ, ಶುದ್ಧಿಯನ್ನು ಪರೀಕ್ಷಿಸಿ, ಕೊಟ್ಟು, ಚಿತ್ರ ತೆಗೆಯುವುದೆಲ್ಲವೂ ಕೆಲವೇ ನಿಮಿಷಗಳಲ್ಲಿ ಮುಗಿಯಬೇಕು. ವೆಚ್ಚವೂ ಬಹಳ. ಆದುದರಿಂದ ಇದು ಇನ್ನೂ ಸಂಶೋಧನೆಯ ಅಂಗಳದಲ್ಲಿದೆ. ಸಾಮಾನ್ಯ ಆಸ್ಪತ್ರೆಯ ಹೊಸ್ತಿಲನ್ನು ದಾಟಿಲ್ಲ.

ವಾರ್ಬರ್ಗನ ಜೀವನದಿಂದ ನಾವು ಕಲಿಯುವುದೇನು? ಅವನು ಎಲ್ಲ ರೀತಿಯಲ್ಲಿಯೂ ಅನುಕರಣೆಗೆ ಯೋಗ್ಯನಾದ ಪುರುಷನೆಂದು ಹೇಳುವಂತಿಲ್ಲ. ಹಟವಾದಿ, ಅಭಿಮಾನಿ, ತನಗೆ ಎದುರಾಡಿದವರನ್ನು ಕಠಿಣವಾಗಿ ಕಾಣುವವನು. ಸುತ್ತಲಿನ ಅನ್ಯಾಯಕ್ಕೆ ಅವನ ಪ್ರಯೋಗಶಾಲೆಯ ಕಿಟಕಿಗಳು ತೆರೆಯಲಿಲ್ಲ. ತಾನು ಕಟ್ಟಿದ ಸಿದ್ಧಾಂತವೇ ತನ್ನ ದೊಡ್ಡ ಕೊಡುಗೆಯೆಂದು ಅವನು ನಂಬಿದ್ದನು. ಕಾಲವು ಬೇರೆಯಾಗಿ ತೀರ್ಪು ಕೊಟ್ಟಿತು. ಸಿದ್ಧಾಂತದ ಬಹುಭಾಗವನ್ನು ಅದು ಪಕ್ಕಕ್ಕಿಟ್ಟಿತು. ಅರ್ಧ ಮಿಲಿಮೀಟರಿಗಿಂತ ತೆಳುವಾದ ಬಿಲ್ಲೆಯಿಂದ ಪ್ರಾಮಾಣಿಕವಾಗಿ ತೆಗೆದ ಅಳತೆಯನ್ನು ಉಳಿಸಿಕೊಂಡಿತು. ಅವನು ನಿರೀಕ್ಷಿಸಿದ್ದು ಒಂದು, ಗಾಜಿನ ಕೊಳವೆಯು ತೋರಿಸಿದ್ದು ಇನ್ನೊಂದು. ಆ ದಿನ ಅವನು ತನ್ನ ನಿರೀಕ್ಷೆಯನ್ನು ಬಿಟ್ಟು ಕೊಳವೆಯನ್ನು ನಂಬಿದನು. ಅವನ ನಿಜವಾದ ಹಿರಿಮೆಯು ಅಲ್ಲಿದೆ. ಮುಪ್ಪಿನಲ್ಲಿಯೂ ಹಾಗೆಯೇ ನಂಬಿದ್ದರೆ ಅವನ ಹಿರಿಮೆಯು ಇನ್ನೂ ಪೂರ್ಣವಾಗುತ್ತಿದ್ದಿತು. ಓದು ಮುಗಿಸಿ ಯಾವ ಉದ್ಯೋಗಕ್ಕೆ ಹೋದರೂ, ಕಂಡದ್ದನ್ನು ಕಂಡಂತೆ ಬರೆದಿಡುವ ಮತ್ತು ಬರೆದದ್ದಕ್ಕೆ ತಾನು ಮೊದಲು ತಲೆಬಾಗುವ ಈ ಗುಣವನ್ನು ನಾವು ಅವನಿಂದ ಪಡೆಯೋಣ. ಅವನು ಮರೆತ ಕಡೆಗಳಲ್ಲಿ ನಾವು ಅದನ್ನು ಮರೆಯದಿರೋಣ.